ಓವನ್‌ನಲ್ಲಿ ಅನ್ನ: ಕುದಿನೀರು, ಬಿಗಿ ಮುಚ್ಚಳ, ಬಾಗಿಲು ತೆಗೆಯದ ಅರ್ಧ ಗಂಟೆ

"ಓವನ್‌ನಲ್ಲಿ ಅನ್ನ ಮಾಡಬಹುದಾ?" ಅಂತ ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಕಾರವಾರದವರೂ ಕೇಳುತ್ತಾರೆ, ಶಿರಸಿಯವರೂ ಕೇಳುತ್ತಾರೆ. ಒಮ್ಮೆ ಮಾಡಿ ನೋಡಿದವರ ದೂರು ಹೆಚ್ಚುಕಡಿಮೆ ಒಂದೇ. ಮೇಲಿನ ಅಕ್ಕಿ ಗಟ್ಟಿ ಗಟ್ಟಿ, ಕೆಳಗೆ ಮುದ್ದೆ, ಒಂದು ಗಂಟೆಯ ಕರೆಂಟ್ ಸುಮ್ನೆ ಹಾಳು.

ಮಾಡಬಹುದು. ಚೆನ್ನಾಗಿಯೂ ಆಗುತ್ತದೆ. ಕೆಟ್ಟಿದ್ದರೆ ಅದಕ್ಕೆ ಕಾರಣ ಸಾಮಾನ್ಯವಾಗಿ ಎರಡೇ. ಒಂದು, ತಣ್ಣೀರು ಹಾಕಿ ಇಟ್ಟಿರುತ್ತೀರಿ. ಎರಡು, ಪಾತ್ರೆಯ ಬಾಯಿ ಬಿಗಿಯಾಗಿ ಮುಚ್ಚಿರುವುದಿಲ್ಲ. ಈ ಎರಡು ಸರಿಮಾಡಿಕೊಂಡರೆ ಮುಕ್ಕಾಲು ಪಾಲು ಕೆಲಸ ಮುಗಿದ ಹಾಗೆ.

ಯಾವಾಗ ಮಾಡಬೇಕು ಅನ್ನುವುದನ್ನೂ ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಇಬ್ಬರೇ ಇದ್ದರೆ ಓವನ್ ಬೇಡ. ಕುಕ್ಕರ್ ಇಡಿ. 1500 ವ್ಯಾಟ್‌ನ ಓವನ್ ಒಂದು ಗಂಟೆ ಬಿಡದೆ ಉರಿದರೆ ಒಂದೂವರೆ ಯೂನಿಟ್ ಆಗುತ್ತದೆ. ಬೇಕಾದಷ್ಟು ಬಿಸಿಯಾದ ಮೇಲೆ ಅದು ತಾನೇ ಆರಿ, ಹೊತ್ತಿ ಮಾಡುವುದರಿಂದ ನಿಜವಾಗಿ ಅಷ್ಟು ಆಗುವುದಿಲ್ಲ. ಆದರೂ ಎರಡು ಮುಷ್ಟಿ ಅಕ್ಕಿಗೆ ಅದು ಜಾಸ್ತಿಯೇ.

ಮನೆ ತುಂಬ ಜನ ಇದ್ದಾಗ ಲೆಕ್ಕ ಬೇರೆ. ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆ ಬಂತೆಂದರೆ ನೆಂಟರು ಎಷ್ಟು ಜನ ಬರುತ್ತಾರೆ ಅಂತ ಲೆಕ್ಕ ಇರುವುದಿಲ್ಲ ಅಲ್ವಾ? ಕರಾವಳಿ ಕಡೆ ಭಾನುವಾರ ಬಂದರೆ ಒಂದು ಒಲೆಯ ಮೇಲೆ ಮೀನಿನ ಹುಮಣ ಕುದಿಯುತ್ತಿರುತ್ತದೆ, ಇನ್ನೊಂದರ ಮೇಲೆ ಬಾಂಗಡೆ ಹುರಿಯುವ ಕಾವಲಿ. ಅನ್ನಕ್ಕೆ ಒಲೆಯೇ ಖಾಲಿ ಇರುವುದಿಲ್ಲ. ಆಗ ಓವನ್ ಉಪಯೋಗಕ್ಕೆ ಬರುತ್ತದೆ. ಒಳಗಿಟ್ಟರೆ ಉಕ್ಕುವುದಿಲ್ಲ, ತಳ ಹಿಡಿಯುವುದಿಲ್ಲ, ಸೀಟಿ ಎಣಿಸುವುದು ಬೇಡ. ನಿಮ್ಮ ಕೈ ಬೇರೆ ಕೆಲಸಕ್ಕೆ ಬಿಡುವಾಗುತ್ತದೆ.

ಮೊದಲು, ನಿಮ್ಮ ಹತ್ತಿರ ಇರುವುದು ಯಾವ ಓವನ್?

ಇಲ್ಲಿ ತಪ್ಪಿದರೆ ಅನ್ನ ಕೆಡುವುದಷ್ಟೇ ಅಲ್ಲ, ಯಂತ್ರವೂ ಕೆಡಬಹುದು. ಅದಕ್ಕೇ ಸ್ವಲ್ಪ ನಿಧಾನವಾಗಿ ಓದಿ.

ಒಟಿಜಿ ಅಂದರೆ ಒಳಗೆ ಮೇಲೊಂದು ಜೊತೆ, ಕೆಳಗೊಂದು ಜೊತೆ ರಾಡ್ ಇರುವ ಪೆಟ್ಟಿಗೆ. ಚಾಲೂ ಮಾಡಿದರೆ ರಾಡ್ ಕೆಂಪಗೆ ಕಾಯುತ್ತದೆ. ಬೇಕರಿಯ ದೊಡ್ಡ ಓವನ್ನಿನ ಮನೆ ಅಳತೆಯ ರೂಪ ಇದು. ಈ ಲೇಖನ ಮುಖ್ಯವಾಗಿ ಇದಕ್ಕೆ. ಇದರಲ್ಲಿ ಸ್ಟೀಲ್, ಅಲ್ಯೂಮಿನಿಯಂ, ಓವನ್ ಗಾಜು, ಪಿಂಗಾಣಿ ಎಲ್ಲ ಇಡಬಹುದು.

ಮೈಕ್ರೋವೇವ್ ಬೇರೆಯೇ ಯಂತ್ರ. ಅದು ಗಾಳಿಯನ್ನು ಕಾಯಿಸುವುದಿಲ್ಲ, ಆಹಾರದೊಳಗಿನ ನೀರನ್ನು ನೇರವಾಗಿ ಬಿಸಿ ಮಾಡುತ್ತದೆ. ಸ್ಟೀಲ್ ಪಾತ್ರೆ ಅಥವಾ ಅಲ್ಯೂಮಿನಿಯಂ ಹಾಳೆ ಇಟ್ಟರೆ ಒಳಗೆ ಕಿಡಿ ಹಾರುತ್ತದೆ. ಮುಂದೆ ಹೇಳುವ ಕ್ರಮವನ್ನು ಅದರಲ್ಲಿ ಮಾಡಲೇಬೇಡಿ.

ಕನ್ವೆಕ್ಷನ್ ಮೈಕ್ರೋವೇವ್ ಎರಡೂ ಆಗುತ್ತದೆ. ಕನ್ವೆಕ್ಷನ್ ಗುಂಡಿ ಒತ್ತಿದಾಗ ಮಾತ್ರ ಅದು ಓವನ್. ಅದರಲ್ಲಿ ಮಾಡುವುದಾದರೆ ಗಾಜಿನ ಮುಚ್ಚಳ ಇರುವ ಓವನ್ ಗಾಜಿನ ಪಾತ್ರೆಯೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಅವಸರದಲ್ಲಿ ತಪ್ಪು ಗುಂಡಿ ಒತ್ತಿದರೂ ಆಗ ಕಿಡಿ ಹಾರುವ ಭಯ ಇರುವುದಿಲ್ಲ. ಒಳಗೆ ಫ್ಯಾನ್ ತಿರುಗುವುದರಿಂದ ಉರಿಯನ್ನು 10ರಿಂದ 15 ಡಿಗ್ರಿ ಕಡಿಮೆ ಇಟ್ಟುಕೊಳ್ಳಿ.

ಪ್ಲಗ್ಗಿನ ಬಗ್ಗೆಯೂ ಒಂದು ಮಾತು. ಇಂಥ ಓವನ್ನಿಗೆ ದೊಡ್ಡ ಪಿನ್ನಿನ, 16 ಆಂಪಿಯರ್‌ನ ಸಾಕೆಟ್ಟೇ ಬೇಕು. ಮಿಕ್ಸಿಯ ಸಣ್ಣ ಸಾಕೆಟ್ಟಿಗೆ ಅಡಾಪ್ಟರ್ ಸಿಕ್ಕಿಸಿ ನಡೆಸಬೇಡಿ. ಸಮುದ್ರದ ಹತ್ತಿರ ಇರುವವರು ಇನ್ನೊಂದು ಗಮನಿಸಿ. ಉಪ್ಪುಗಾಳಿಗೆ ಪ್ಲಗ್ಗಿನ ಹಿತ್ತಾಳೆ ಪಿನ್ನು ಕಪ್ಪಾಗಿ, ಹಸಿರು ಪಾಚಿ ಕಟ್ಟಿದ ಹಾಗೆ ಆಗಿರುತ್ತದೆ. ಹಾಗಿದ್ದರೆ ಪಿನ್ನು ಸರಿಯಾಗಿ ತಾಗುವುದಿಲ್ಲ, ಪ್ಲಗ್ ಬಿಸಿಯಾಗುತ್ತದೆ. ತಿಂಗಳುಗಟ್ಟಲೆ ಮೂಲೆಯಲ್ಲಿದ್ದ ಓವನ್ ಆದರೆ ಪಿನ್ನು ಒರೆಸಿ, ಹತ್ತು ನಿಮಿಷ ಖಾಲಿ ಓಡಿಸಿ, ಸ್ವಿಚ್ ಆರಿಸಿ, ಪ್ಲಗ್ ಮುಟ್ಟಿ ನೋಡಿ. ಕೈ ಸುಡುವಷ್ಟು ಬಿಸಿ ಇದ್ದರೆ ಅನ್ನದ ಮಾತು ಆಮೇಲೆ, ಮೊದಲು ವಾಯರಿಂಗ್ ಮಾಡುವವರನ್ನು ಕರೆಸಿ.

ಪಾತ್ರೆ, ಮುಚ್ಚಳ

ಅಗಲ ಪಾತ್ರೆ ಬೇಕು, ಆಳದ್ದಲ್ಲ. ಎರಡು ಲೋಟ ಅಕ್ಕಿಗೆ 8ರಿಂದ 9 ಇಂಚು ಅಗಲ, ಎರಡೂವರೆ ಇಂಚು ಎತ್ತರದ ಪಾತ್ರೆ ಸಾಕು. ಕೇಕ್ ಟಿನ್ ಇದ್ದರೆ ಅದೇ ಆಗುತ್ತದೆ. ತಳ ಬಿಚ್ಚಿ ಬರುವ ಟಿನ್ ಮಾತ್ರ ಬೇಡ, ನೀರು ಸೋರುತ್ತದೆ. ಆಳದ ತಪ್ಪಲೆಯಲ್ಲಿಟ್ಟರೆ ಅಂಚಿನ ಅನ್ನ ಬೆಂದಿರುತ್ತದೆ, ನಡುವಿನದು ಇನ್ನೂ ಕಾಯುತ್ತಿರುತ್ತದೆ. ಪ್ಲಾಸ್ಟಿಕ್ ಹಿಡಿಕೆ ಇರುವ ಯಾವ ಪಾತ್ರೆಯೂ ಬೇಡ.

ಗಾಜೋ ಸ್ಟೀಲೋ ಅಂತ ಕೇಳುತ್ತೀರಿ. ಬೇಸಿಗೆಯಲ್ಲಿ ಯಾವುದಾದರೂ ಸರಿ. ಮಳೆಗಾಲದಲ್ಲಿ ನಾನು ಸ್ಟೀಲ್ ಪಾತ್ರೆಯನ್ನೇ ಇಡುತ್ತೇನೆ. ನಡುವೆ ಕರೆಂಟ್ ಹೋದರೆ ಅದನ್ನು ಹಾಗೇ ಗ್ಯಾಸಿನ ಮೇಲೆ ಇಡಬಹುದು. ಗಾಜನ್ನು ಇಡಲಿಕ್ಕೆ ಆಗುವುದಿಲ್ಲ.

ಮುಚ್ಚಲಿಕ್ಕೆ ಅಲ್ಯೂಮಿನಿಯಂ ಫಾಯಿಲ್, ಅಂದರೆ ಚಪಾತಿ ಸುತ್ತಿ ಕೊಡುವ ಬೆಳ್ಳಿ ಬಣ್ಣದ ಹಾಳೆ. ಎರಡು ಪದರ ಬೇಕು. ಹೊಳೆಯುವ ಬದಿ ಒಳಗೋ ಹೊರಗೋ ಅಂತ ತಲೆಕೆಡಿಸಿಕೊಳ್ಳಬೇಡಿ, ಎರಡೂ ಒಂದೇ. ಹಿತ್ತಲಲ್ಲಿ ಬಾಳೆ ಇದ್ದರೆ ಒಂದು ಎಲೆಯನ್ನೂ ಕೊಯ್ದು ತನ್ನಿ. ಅದರ ಉಪಯೋಗ ಮುಂದೆ ಹೇಳುತ್ತೇನೆ.

ಅಕ್ಕಿ ಮತ್ತು ನೀರಿನ ಲೆಕ್ಕ

ಎಲ್ಲರೂ ಒಂದೇ ಉತ್ತರ ಕೇಳುತ್ತಾರೆ: ಒಂದಕ್ಕೆ ಎಷ್ಟು? ಒಂದೇ ಉತ್ತರ ಇಲ್ಲ. ಅಕ್ಕಿ ಯಾವುದು, ಹೊಸದೋ ಹಳೆಯದೋ, ಅನ್ನ ಯಾವುದರ ಜೊತೆ ಉಣ್ಣುತ್ತೀರಿ, ಮೂರರ ಮೇಲೂ ಹೋಗುತ್ತದೆ.

ಸೋನಾ ಮಸೂರಿಯಂಥ ಬೆಳ್ತಿಗೆ ಅಕ್ಕಿ ಒಂದು ಲೋಟಕ್ಕೆ ಎರಡು ಲೋಟ ನೀರು. ಬೆಳ್ತಿಗೆ ಅಂದರೆ ಭತ್ತ ಬೇಯಿಸದೆ ಹಾಗೇ ಕುಟ್ಟಿ ಮಾಡಿದ ಬಿಳಿ ಅಕ್ಕಿ. ನೆನೆಸಿದ ಬಾಸ್ಮತಿಗೆ ಒಂದೂವರೆ ಲೋಟ ಸಾಕು. ಸಣ್ಣಕ್ಕಿಗೆ ಒಂದು ಮುಕ್ಕಾಲು ಲೋಟದಿಂದ ಶುರು ಮಾಡಿ.

ಹೊಸ ಅಕ್ಕಿ ಬೇಗ ಅಂಟುತ್ತದೆ. ಸುಗ್ಗಿ ಮುಗಿದು ಗದ್ದೆಯಿಂದ ಮನೆಗೆ ಬಂದ ಅಕ್ಕಿಯನ್ನು ಆಗಲೇ ಮಾಡುತ್ತಿದ್ದರೆ ಲೋಟಕ್ಕೆ ಕಾಲು ಲೋಟ ನೀರು ಕಡಿಮೆ ಮಾಡಿ. ವರ್ಷ ದಾಟಿದ ಅಕ್ಕಿ ಗಟ್ಟಿಯಾಗಿರುತ್ತದೆ, ನೀರು ಜಾಸ್ತಿ ಕುಡಿಯುತ್ತದೆ. ಅದಕ್ಕೆ ಕಾಲು ಲೋಟ ಹೆಚ್ಚಿಗೆ ಹಾಕಿ. ಅಂಗಡಿಯವರಲ್ಲಿ "ಹಳೆ ಅಕ್ಕಿಯಾ?" ಅಂತ ಕೇಳಿಯೇ ತನ್ನಿ.

ಇನ್ನು ಊಟದ ವಿಷಯ. ತಂಬುಳಿಗೆ, ಅಪ್ಪೆಹುಳಿಗೆ ಅನ್ನ ಮೆತ್ತಗಿರಬೇಕು. ಉದುರು ಅನ್ನಕ್ಕೆ ತಂಬುಳಿ ಹಾಕಿದರೆ ಅಗುಳು ಒಂದು ಕಡೆ, ತಂಬುಳಿ ಒಂದು ಕಡೆ ಹರಿದು ಹೋಗುತ್ತದೆ. ಅಂಥ ದಿನ ಎರಡೂಕಾಲು ಲೋಟ ನೀರು ಹಾಕಿ. ಮಾವಿನಕಾಯಿ ಚಿತ್ರಾನ್ನಕ್ಕೆ, ತುಪ್ಪದ ಅನ್ನಕ್ಕೆ ಒಂದು ಮುಕ್ಕಾಲು ಲೋಟ ಸಾಕು. ಮೀನಿನ ಸಾರಿಗೆ ಎರಡರ ಲೆಕ್ಕ ಸರಿ ಹೋಗುತ್ತದೆ.

ಒಲೆಯ ಮೇಲೆ ಮುಚ್ಚಳ ಓರೆ ಮಾಡಿ ಅನ್ನ ಮಾಡುವಾಗ ಎಷ್ಟೋ ನೀರು ಹಬೆಯಾಗಿ ಹೋಗುತ್ತದೆ. ಬಿಗಿಯಾಗಿ ಮುಚ್ಚಿದ ಓವನ್ ಪಾತ್ರೆಯಲ್ಲಿ ಹಾಗೆ ಹೋಗುವುದಿಲ್ಲ. ಅದಕ್ಕೇ ಒಲೆಯ ಅಂದಾಜಿನಲ್ಲಿ ಎರಡೂವರೆ, ಮೂರು ಲೋಟ ಹಾಕಿದರೆ ಪಾಯಸದ ಹದಕ್ಕೆ ಬರುತ್ತದೆ.

ಶಿರಸಿಯವರು ಕೆಲವರು ಘಟ್ಟದ ಮೇಲೆ ಅಳತೆ ಬೇರೆ ಬೇಕಾ ಅಂತ ಕೇಳಿದ್ದಾರೆ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರ. ಅಲ್ಲಿ ನೀರು 98 ಡಿಗ್ರಿಯಲ್ಲೇ ಕುದಿಯುತ್ತದೆ, ಕಾರವಾರದಲ್ಲಿ 100ಕ್ಕೆ. ಎರಡು ಡಿಗ್ರಿಯಿಂದ ಅನ್ನದಲ್ಲಿ ಗೊತ್ತಾಗುವಂಥ ವ್ಯತ್ಯಾಸ ಏನೂ ಬರುವುದಿಲ್ಲ. ಅಳತೆ ಅದೇ ಇರಲಿ.

ಈಗ ಮಾಡುವ ಕ್ರಮ

ನಾಲ್ಕು ಜನಕ್ಕೆ ಸಾಕಾಗುವಷ್ಟು, ಅಂದರೆ 200 ಮಿಲಿಯ ಲೋಟದಲ್ಲಿ ಎರಡು ಲೋಟ ಸೋನಾ ಮಸೂರಿ ಅಕ್ಕಿ ಅಂತ ಇಟ್ಟುಕೊಳ್ಳೋಣ. ಸಿದ್ದೆಯಲ್ಲಿ ಅಳೆಯುವ ಮನೆಯಾದರೆ ಸಿದ್ದೆಯೇ ಆಗಲಿ. ಅಕ್ಕಿ ಅಳೆದದ್ದರಲ್ಲೇ ನೀರೂ ಅಳೆದರೆ ಸಾಕು.

1. ಅಕ್ಕಿಯನ್ನು ಮೂರು ಸಲ ತೊಳೆಯಿರಿ. ನೀರು ಪೂರ್ತಿ ತಿಳಿ ಆಗಬೇಕೆಂದೇನಿಲ್ಲ, ಮೊದಲ ಸಲದ ಹಾಲಿನ ಬಣ್ಣ ಹೋದರೆ ಸಾಕು. ಆ ಬಿಳುಪು ಅಂದರೆ ಅಕ್ಕಿಯ ಮೇಲಿನ ಹಿಟ್ಟು. ಅದು ಉಳಿದರೆ ಅನ್ನ ಅಂಟು ಅಂಟಾಗುತ್ತದೆ. ತೊಳೆದ ಮೇಲೆ 20 ನಿಮಿಷ ನೆನೆಸಿ.

2. ನೆನೆಯುವ ಹೊತ್ತಿಗೆ ಓವನ್ ಕಾಯಲಿಕ್ಕೆ ಇಡಿ. ಇದಕ್ಕೇ ಪ್ರೀಹೀಟ್ ಅನ್ನುವುದು. ದೋಸೆ ಹೊಯ್ಯುವ ಮೊದಲು ಕಾವಲಿ ಕಾಯಿಸುತ್ತೇವಲ್ಲ, ಹಾಗೆ. ಉರಿ 190 ಡಿಗ್ರಿ, ಮೇಲಿನ ರಾಡ್ ಕೆಳಗಿನ ರಾಡ್ ಎರಡೂ ಚಾಲೂ. 15 ನಿಮಿಷ ಬೇಕು. ಜಾಲರಿಯನ್ನು ನಡುವಿನ ಸಾಲಿನಲ್ಲಿ ಇಡಿ. ಮೇಲಿನ ಸಾಲಿನಲ್ಲಿಟ್ಟರೆ ಫಾಯಿಲ್ ರಾಡಿಗೆ ತಾಗುತ್ತದೆ, ಹಾಗೆ ಆಗಲೇಬಾರದು.

220 ಇಟ್ಟರೆ ಬೇಗ ಆಗುವುದಿಲ್ಲವಾ ಅಂತ ಕೆಲವರು ಕೇಳುತ್ತಾರೆ. ಪಾತ್ರೆಯೊಳಗೆ ನೀರು ಇರುವವರೆಗೂ ಅನ್ನದ ಬಿಸಿ 100 ಡಿಗ್ರಿ ದಾಟುವುದಿಲ್ಲ. ಉರಿ ಹೆಚ್ಚಿಸಿದರೆ ಅಂಚಿನ ಅನ್ನ ಒಣಗಿ ಗರಿಗರಿ ಆಗುವುದೇ ಹೆಚ್ಚು.

3. ನೀರು ಕುದಿಸಿ. ಅಳತೆ ನಾಲ್ಕು ಲೋಟ, ಆದರೆ ಕುದಿಯುವಾಗ ಸ್ವಲ್ಪ ಹೋಗುತ್ತದೆ. ನಾಲ್ಕೂಕಾಲು ಲೋಟ ಇಟ್ಟು, ಕುದಿದ ಮೇಲೆ ಹಿಡಿಕೆ ಇರುವ ಪಾತ್ರೆಯಲ್ಲಿ ನಾಲ್ಕು ಲೋಟ ಅಳೆದುಕೊಳ್ಳಿ.

ಈ ಕುದಿನೀರಿನ ಮಾತು ಯಾಕೆ ಇಷ್ಟು ಮುಖ್ಯ ಅಂತ ಹೇಳುತ್ತೇನೆ. ಒಲೆಯ ಮೇಲೆ ಬೆಂಕಿ ನೇರ ತಳಕ್ಕೆ ತಾಗುತ್ತದೆ. ಓವನ್‌ನಲ್ಲಿ ಪಾತ್ರೆಗೆ ಬಿಸಿ ಮುಟ್ಟಿಸುವುದು ಹೆಚ್ಚಾಗಿ ಗಾಳಿ. ಗಾಳಿ ಬಿಸಿಯನ್ನು ತುಂಬ ನಿಧಾನಕ್ಕೆ ಕೊಡುತ್ತದೆ. ಬಿಸಿ ಓವನ್ನಿನೊಳಗೆ ಒಂದು ಕ್ಷಣ ಕೈ ಹಿಡಿದರೆ ಸುಡುವುದಿಲ್ಲ, ಕುದಿನೀರಿಗೆ ಬೆರಳು ಅದ್ದಿದರೆ ಕೂಡಲೇ ಸುಡುತ್ತದೆ, ಅಲ್ವಾ? ಹಾಗಾಗಿ ನಾಲ್ಕು ಲೋಟ ತಣ್ಣೀರು ಓವನ್‌ನಲ್ಲಿ ಕುದಿ ಬರಲಿಕ್ಕೇ ಅರ್ಧ ಗಂಟೆಗಿಂತ ಹೆಚ್ಚು ಬೇಕು. ಅಷ್ಟು ಹೊತ್ತೂ ಅಕ್ಕಿ ಉಗುರುಬೆಚ್ಚನೆ ನೀರಿನಲ್ಲಿ ಸುಮ್ನೆ ಉಬ್ಬುತ್ತಾ ಇರುತ್ತದೆ. ಹೊರಗೆ ಕರಗಿ ಹಿಟ್ಟಾಗುತ್ತದೆ, ಒಳಗೆ ಬೇಯುವುದಿಲ್ಲ. ನಾನು ಮೊದಲ ಸಲ ನಲ್ಲಿಯ ನೀರು ಹಾಕಿಯೇ ಇಟ್ಟಿದ್ದೆ. ಒಂದು ಗಂಟೆ ಆದ ಮೇಲೂ ಅನ್ನ ಬಡಿಸುವ ಹಾಗೆ ಆಗಿರಲಿಲ್ಲ, ನೆಂಟರು ಎಲೆಯ ಮುಂದೆ ಕೂತಿದ್ದರು.

4. ನೆನೆದ ಅಕ್ಕಿಯ ನೀರನ್ನು ಪೂರ್ತಿ ಬಸಿಯಿರಿ. ಜರಡಿಯಲ್ಲಿ ಎರಡು ನಿಮಿಷ ಬಿಡಿ. ಇಲ್ಲಿ ಉಳಿದ ನೀರು ಲೆಕ್ಕಕ್ಕೆ ಸೇರಿ ಅನ್ನ ಮುದ್ದೆಯಾಗುತ್ತದೆ. ಅಕ್ಕಿಯನ್ನು ಪಾತ್ರೆಗೆ ಹಾಕಿ, ಒಂದು ಚಮಚ ತುಪ್ಪವನ್ನೋ ತೆಂಗಿನ ಎಣ್ಣೆಯನ್ನೋ ಸವರಿ, ಸಮನಾಗಿ ಹರಡಿ. ಉಪ್ಪು ನಿಮ್ಮ ಮನೆಯ ರೂಢಿ. ಅನ್ನಕ್ಕೆ ಉಪ್ಪು ಹಾಕದ ಮನೆಯವರು ಬಿಡಿ, ಹಾಕುವವರು ಅರ್ಧ ಚಮಚ ಹಾಕಿ.

ಗಾಜಿನ ಪಾತ್ರೆಯಾದರೆ ಅಕ್ಕಿ ಹಾಕುವ ಮೊದಲೇ ಬಿಸಿನೀರಿನಿಂದ ಒಮ್ಮೆ ತೊಳೆದು ಬೆಚ್ಚಗೆ ಮಾಡಿಕೊಳ್ಳಿ. ತಣ್ಣಗಿನ ಗಾಜಿಗೆ ಕುದಿನೀರು ಸುರಿದರೆ ಸೀಳುತ್ತದೆ. ಓವನ್ನಿಂದ ತೆಗೆದ ಬಿಸಿ ಗಾಜನ್ನು ಒದ್ದೆ ಗ್ರಾನೈಟ್ ಕಟ್ಟೆಯ ಮೇಲೆ ಇಟ್ಟರೂ ಅದೇ ಕಥೆ. ಯಾವಾಗಲೂ ಮಡಚಿದ ಒಣ ಬಟ್ಟೆಯ ಮೇಲೆ ಇಡಿ.

5. ಕುದಿನೀರು ಸುರಿದು ಕೂಡಲೇ ಮುಚ್ಚಿ. ಬಾಳೆ ಎಲೆ ತಂದಿದ್ದರೆ ಅದನ್ನು ಗ್ಯಾಸಿನ ಉರಿಯ ಮೇಲೆ ಎರಡು ಸಲ ಆಡಿಸಿ ಬಾಡಿಸಿ, ಪಾತ್ರೆಯ ಬಾಯಿಯ ಅಳತೆಗೆ ಕತ್ತರಿಸಿ ಅಕ್ಕಿಯ ಮೇಲೆ ಹಾಸಿ. ಮೇಲಿಂದ ಬೀಳುವ ಹಬೆ ನೀರು ಒಂದೇ ಕಡೆ ತೊಟ್ಟಿಕ್ಕುವುದಿಲ್ಲ, ಜೊತೆಗೆ ಅನ್ನಕ್ಕೆ ಊಟದ ಎಲೆಯ ಪರಿಮಳ ಬರುತ್ತದೆ. ಎಲೆಯ ಚೂರು ಪಾತ್ರೆಯ ಹೊರಗೆ ಚಾಚದಿರಲಿ, ಒಣಗಿ ಹತ್ತಿಕೊಳ್ಳಬಹುದು.

ಅದರ ಮೇಲೆ ಫಾಯಿಲ್ ಎರಡು ಪದರ. ಅಂಚಿನ ಸುತ್ತ ಬೆರಳಿನಿಂದ ಒತ್ತಿ ಒತ್ತಿ ಮಡಚಿ. ಪಾತ್ರೆ ಆಗಲೇ ಬಿಸಿಯಾಗಿರುತ್ತದೆ, ಬಟ್ಟೆ ಹಿಡಿದು ಒತ್ತಿ. ಫಾಯಿಲ್ ಇಲ್ಲದಿದ್ದರೆ ಸರಿಯಾಗಿ ಕೂರುವ ಸ್ಟೀಲ್ ಮುಚ್ಚಳ ಇಟ್ಟು, ಸುತ್ತ ಚಪಾತಿ ಹಿಟ್ಟಿನ ಕಣಕ ಮೆತ್ತಿ. ಬಿರಿಯಾನಿಗೆ ದಮ್ ಕಟ್ಟುವುದು ಹೀಗೆಯೇ, ಮುಚ್ಚಳದ ಸಂದು ಮುಚ್ಚುವುದಕ್ಕೆ.

ಈ ಹಂತಕ್ಕೆ ಎರಡು ನಿಮಿಷ ಜಾಸ್ತಿ ಹೋದರೂ ಪರವಾಗಿಲ್ಲ. ಒಂದು ಮೂಲೆ ಬಿಟ್ಟರೂ ಅಲ್ಲಿಂದ ಹಬೆ ಹೋಗುತ್ತಲೇ ಇರುತ್ತದೆ, ಮೇಲಿನ ಅಕ್ಕಿ ಹಸಿಯಾಗಿಯೇ ಉಳಿಯುತ್ತದೆ. ನಿಮ್ಮಲ್ಲಿ ಹೆಚ್ಚಿನವರ ಅನ್ನ ಕೆಟ್ಟಿದ್ದು ಇಲ್ಲಿಯೇ.

ಹುಳಿ ಇರುವ ಅನ್ನ, ಉದಾಹರಣೆಗೆ ನಿಂಬೆಹುಳಿ ಅಥವಾ ಮುರುಗಲು ಹಾಕಿದ್ದು ಮಾಡುವುದಾದರೆ ಫಾಯಿಲ್ ಅನ್ನಕ್ಕೆ ತಾಗದಿರಲಿ. ಹುಳಿ ಅಲ್ಯೂಮಿನಿಯಂ ತಿನ್ನುತ್ತದೆ. ಬಾಳೆ ಎಲೆ ಆಗ ಬೇಕೇ ಬೇಕು.

6. ಓವನ್ನಿಗೆ ಇಡಿ. ಸ್ಟೀಲ್ ಅಥವಾ ಅಲ್ಯೂಮಿನಿಯಂ ಪಾತ್ರೆಗೆ 30 ನಿಮಿಷ, ಗಾಜು ಅಥವಾ ಪಿಂಗಾಣಿಗೆ 35 ನಿಮಿಷ. ಎರಡು ಪಾತ್ರೆ ಒಟ್ಟಿಗೆ ಇಟ್ಟರೆ ಇನ್ನೂ 10 ನಿಮಿಷ ಸೇರಿಸಿ.

ಬಾಗಿಲು ತೆಗೆದು ನೋಡಬೇಡಿ. ಒಲೆಯ ಅನ್ನದ ಅಗುಳು ಹಿಚುಕಿ ನೋಡುವ ಅಭ್ಯಾಸ ನಮಗೆಲ್ಲ ಇದೆ, ಇಲ್ಲಿ ಆ ಕೈಯನ್ನು ತಡೆಯಬೇಕು. ಒಮ್ಮೆ ಬಾಗಿಲು ತೆಗೆದರೆ ಒಳಗಿನ ಬಿಸಿಗಾಳಿ ಎಲ್ಲ ಹೊರಗೆ ಬರುತ್ತದೆ. ಫಾಯಿಲ್ ಎತ್ತಿದರೆ ಹಬೆಯೂ ಹೋಯಿತು. ಸುಮಾರು 20 ನಿಮಿಷಕ್ಕೆ ಬೆಂದ ಅನ್ನದ ವಾಸನೆ ಬರಲಿಕ್ಕೆ ಶುರುವಾಗುತ್ತದೆ. ಬಾಗಿಲ ಗಾಜಿನ ಮೇಲೆ ನೀರು ಹನಿ ಹನಿಯಾಗಿ ಇಳಿಯುತ್ತಿದ್ದರೆ ಮುಚ್ಚಳ ಎಲ್ಲೋ ಸೋರುತ್ತಿದೆ ಅಂತ ತಿಳಿಯಿರಿ. ಆಗಲೂ ತೆಗೆಯಬೇಡಿ. ಮುಗಿದ ಮೇಲೆ ಸರಿಮಾಡುವ ದಾರಿ ಇದೆ.

7. ಸ್ವಿಚ್ ಆರಿಸಿ, ಹಾಗೇ ಮುಚ್ಚಿದಂತೆ 10 ನಿಮಿಷ ಬಿಡಿ. ಇದನ್ನು ತಪ್ಪಿಸಬೇಡಿ. ತಳದಲ್ಲಿ ಉಳಿದ ತೇವ ಈ ಹೊತ್ತಿನಲ್ಲಿ ಮೇಲಿನವರೆಗೂ ಹರಡುತ್ತದೆ, ಅಗುಳು ಗಟ್ಟಿಯಾಗುತ್ತದೆ. ಆಗಲೇ ಕೆದಕಿದರೆ ಅಗುಳು ಮುರಿಯುತ್ತದೆ.

8. ತೆಗೆಯುವಾಗ ಒಣ ಮಸಿಬಟ್ಟೆಯನ್ನೇ ಹಿಡಿಯಿರಿ. ಒದ್ದೆ ಬಟ್ಟೆಯಲ್ಲಿ ಬಿಸಿ ಕೂಡಲೇ ಕೈಗೆ ದಾಟುತ್ತದೆ. ಫಾಯಿಲನ್ನು ನಿಮ್ಮಿಂದ ಆಚೆ ಬದಿಯಿಂದ ಬಿಡಿಸಿ, ಮುಖ ದೂರ ಇರಲಿ. ಅರ್ಧ ಗಂಟೆ ಕೂಡಿಹಾಕಿದ ಹಬೆ ಒಂದೇ ಸಲ ಏಳುತ್ತದೆ. ಮಕ್ಕಳನ್ನು ಹತ್ತಿರ ಬಿಡಬೇಡಿ. ಆಮೇಲೆ ಸಟ್ಟುಗವನ್ನು ಅಂಚಿನಿಂದ ಇಳಿಸಿ, ಕೆಳಗಿನ ಅನ್ನವನ್ನು ನಿಧಾನ ಮೇಲೆ ಮಾಡಿ. ತಿರುವಬೇಡಿ.

ಓವನ್ನಿನ ಬಾಗಿಲನ್ನು ಅರ್ಧ ಗಂಟೆ ತೆರೆದಿಡಿ. ನಮ್ಮ ಕಡೆಯ ಹವೆಯಲ್ಲಿ ಒಳಗೆ ಹಬೆ ಕೂತರೆ ತುಕ್ಕು ಹಿಡಿಯಲಿಕ್ಕೆ ಹೆಚ್ಚು ದಿನ ಬೇಡ.

ನಡುವೆ ಕರೆಂಟ್ ಹೋದರೆ

ಜೂನ್, ಜುಲೈ ತಿಂಗಳಲ್ಲಿ ಇದು ಆಗುವುದೇ. ಬಾಗಿಲು ತೆಗೆಯಬೇಡಿ. ಹತ್ತು ನಿಮಿಷದೊಳಗೆ ಬಂದರೆ ಎಷ್ಟು ಹೊತ್ತು ಹೋಗಿತ್ತೋ ಅಷ್ಟನ್ನೇ ಕೊನೆಗೆ ಸೇರಿಸಿ. ಟೈಮರ್ ನೋಡಿಕೊಳ್ಳಿ. ಕೀಲಿ ತಿರುಗಿಸುವ ಟೈಮರ್ ಕರೆಂಟ್ ಇಲ್ಲದಿದ್ದರೂ ಓಡುತ್ತಲೇ ಇರುತ್ತದೆ. 20 ನಿಮಿಷ ದಾಟಿದ ಮೇಲೆ ಹೋಗಿದ್ದರೆ ಗಾಬರಿ ಬೇಡ. ಅನ್ನ ಒಳಗಿನ ಬಿಸಿಗೇ ಹೆಚ್ಚುಕಡಿಮೆ ಬೆಂದುಬಿಡುತ್ತದೆ. ಕಾಲು ಗಂಟೆ ಹಾಗೇ ಬಿಟ್ಟು ನೋಡಿ. ಇಟ್ಟ ಕೂಡಲೇ ಹೋಗಿ, ಬರುವ ಲಕ್ಷಣ ಇಲ್ಲದಿದ್ದರೆ ಮಾತ್ರ ಸ್ಟೀಲ್ ಪಾತ್ರೆಯನ್ನು ಮುಚ್ಚಿದಂತೆಯೇ ಗ್ಯಾಸಿನ ಅತಿ ಸಣ್ಣ ಉರಿಗೆ ಇಡಿ, ಕೆಳಗೆ ದೋಸೆ ಕಾವಲಿ ಇಟ್ಟು. 12ರಿಂದ 15 ನಿಮಿಷ ಸಾಕು.

ಕುಚ್ಚಲಕ್ಕಿ ಮಾಡಬಹುದಾ?

ಕರಾವಳಿಯವರ ಮುಖ್ಯ ಪ್ರಶ್ನೆಯೇ ಇದು. ಕೊಂಕಣಿ ಮಾತಾಡುವವರು ಉಕ್ಡೆ ಅನ್ನುವ ಅಕ್ಕಿ. ಭತ್ತವನ್ನೇ ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟಿದ್ದು. ಒಮ್ಮೆ ಬೆಂದು ಒಣಗಿದ ಕಾಳು ಗಟ್ಟಿಯಾಗಿರುತ್ತದೆ, ಎರಡನೇ ಸಲ ಬೇಯಲಿಕ್ಕೆ ಹೊತ್ತು ಬೇಕು. ಕೆಂಪು ಹೊಟ್ಟು ಉಳಿದಿದ್ದರೆ ಇನ್ನೂ ಹೊತ್ತು.

ಮಾಡುವುದಾದರೆ ಹಿಂದಿನ ರಾತ್ರಿಯೇ ನೆನೆಸಿ. ಒಂದು ಲೋಟ ಅಕ್ಕಿಗೆ ಎರಡೂವರೆ ಲೋಟ ಕುದಿನೀರು. ಅದೇ 190 ಡಿಗ್ರಿ, 75 ನಿಮಿಷ. ಆಮೇಲೆ ಒಂದು ಮೂಲೆ ಮಾತ್ರ ಬಿಡಿಸಿ ಅಗುಳು ಹಿಚುಕಿ ನೋಡಿ. ನಡುವೆ ಗಟ್ಟಿ ಇದ್ದರೆ ಕಾಲು ಲೋಟ ಕುದಿನೀರು ಚಿಮುಕಿಸಿ, ಹೊಸ ಫಾಯಿಲ್ ಹಾಕಿ, ಮತ್ತೆ 15 ನಿಮಿಷ.

ಅನ್ನ ಚೆನ್ನಾಗಿಯೇ ಬರುತ್ತದೆ, ಅಗುಳು ಬಿಡಿಬಿಡಿಯಾಗಿ. ಆದರೆ ಒಂದು ನಷ್ಟ ಇದೆ. ಒಲೆಯ ಮೇಲೆ ಕುಚ್ಚಲಕ್ಕಿ ಅನ್ನವನ್ನು ನೀರು ಜಾಸ್ತಿ ಇಟ್ಟು ಬೇಯಿಸಿ ಬಸಿಯುತ್ತೇವೆ. ಆ ಗಂಜಿತಿಳಿಗೆ ಉಪ್ಪು ಹಾಕಿ ಕುಡಿದರೆ ಎಷ್ಟು ಹಿತ. ಓವನ್ ಕ್ರಮದಲ್ಲಿ ತಿಳಿ ಸಿಗುವುದಿಲ್ಲ, ನೀರೆಲ್ಲ ಅನ್ನದೊಳಗೇ ಹೋಗುತ್ತದೆ. ಗಂಜಿ ಊಟದ ಮನೆಯವರು ಕುಚ್ಚಲಕ್ಕಿಯನ್ನು ಒಲೆಯ ಮೇಲೇ ಮಾಡಿ ಅಂತ ನಾನು ಹೇಳುವುದು. ಕುಮಟಾ ಕಡೆ ಅಘನಾಶಿನಿ ಅಳಿವೆಯ ಗಜನಿ ಗದ್ದೆಗಳಲ್ಲಿ, ಉಪ್ಪುನೀರು ತಾಳಿಕೊಂಡು ಬೆಳೆಯುವ ಕಗ್ಗದ ಅಕ್ಕಿ ನಿಮಗೆ ಸಿಕ್ಕರಂತೂ ಓವನ್ನಿಗೆ ಇಡಲೇಬೇಡಿ. ಅದನ್ನು ಗಂಜಿ ಮಾಡಿ ಉಣ್ಣಿ.

ಬಿರಿಯಾನಿ ದಮ್‌ಗೆ

ಓವನ್ ನಿಜವಾಗಿ ಚೆನ್ನಾಗಿ ಒಗ್ಗುವುದು ಇದಕ್ಕೆ. ಭಟ್ಕಳದ ಬಿರಿಯಾನಿಯಲ್ಲಿ ಈರುಳ್ಳಿ ಜಾಸ್ತಿ ಇರುವ ಮಸಾಲೆ ಬೇರೆ, ಅನ್ನ ಬೇರೆ ಮಾಡಿ ಆಮೇಲೆ ಪದರ ಕಟ್ಟುತ್ತಾರೆ. ಪಾತ್ರೆಯ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ದಮ್ ಕೊಡುವುದು ಹಳೆಯ ಕ್ರಮ. ಓವನ್ನಿನ ಎರಡು ರಾಡ್ ಮಾಡುವುದೂ ಅದೇ ಕೆಲಸವನ್ನು.

ಬಾಸ್ಮತಿಯನ್ನು ಒಲೆಯ ಮೇಲೆ ಮುಕ್ಕಾಲು ಬೇಯಿಸಿ ಬಸಿಯಿರಿ. ಅಗುಳು ಹಿಚುಕಿದರೆ ನಡುವೆ ಸಣ್ಣ ಬಿಳಿ ಚುಕ್ಕೆ ಕಾಣಬೇಕು. ಪೂರ್ತಿ ಬೆಂದ ಮಸಾಲೆ ಕೆಳಗೆ, ಅನ್ನ ಮೇಲೆ. ಬಿಗಿಯಾಗಿ ಮುಚ್ಚಿ 170 ಡಿಗ್ರಿಯಲ್ಲಿ 25 ನಿಮಿಷ. ಹಸಿ ಮಾಂಸ ಹಾಕಿ ಮಾಡುವ ಬಿರಿಯಾನಿಗೆ ಈ ಹೊತ್ತು ಸಾಲದು, ಅದನ್ನು ಈ ಅಳತೆಯಲ್ಲಿ ಮಾಡಬೇಡಿ.

ಅನ್ನ ಸರಿಯಾಗದಿದ್ದರೆ

ಮೇಲೆ ಹಸಿ ಉಳಿದಿದ್ದರೆ ಮುಚ್ಚಳ ಸೋರಿದೆ. ಕಾಲು ಲೋಟ ಕುದಿನೀರು ಮೇಲಿಂದ ಚಿಮುಕಿಸಿ, ಹೊಸ ಫಾಯಿಲ್ ಬಿಗಿದು 10 ನಿಮಿಷ ಇಡಿ. ತಿರುವಿ ಹಾಕಬೇಡಿ. ತಳದಲ್ಲಿ ನೀರು ನಿಂತಿದ್ದರೆ ಫಾಯಿಲ್ ತೆಗೆದು 5 ನಿಮಿಷ ಬರಿಗೆ ಇಡಿ, ಆರುತ್ತದೆ. ಮುದ್ದೆಯೇ ಆಗಿಬಿಟ್ಟಿದ್ದರೆ ಅದನ್ನು ಮತ್ತೆ ಉದುರು ಮಾಡಲಿಕ್ಕೆ ಆಗುವುದಿಲ್ಲ. ಮೊಸರನ್ನ ಮಾಡಿ, ಮುಂದಿನ ಸಲ ಅರ್ಧ ಲೋಟ ನೀರು ಕಡಿಮೆ ಹಾಕಿ.

ಅಳತೆ ಎಲ್ಲ ಸರಿ ಇದ್ದೂ ಪ್ರತಿಸಲ ಅರೆಬೆಂದು ಬರುತ್ತಿದ್ದರೆ ಓವನ್ನಿನ ಗುಂಡಿಯನ್ನು ನಂಬಬೇಡಿ. ಮನೆಯ ಓವನ್‌ಗಳಲ್ಲಿ ಗುಂಡಿ 190 ತೋರಿಸಿದರೂ ಒಳಗೆ 170 ಇರುವುದು ಸಾಮಾನ್ಯ. ಒಳಗೆ ತೂಗುಹಾಕುವ ಓವನ್ ಥರ್ಮಾಮೀಟರ್ ಒಂದು ತಂದು ನೋಡಿ. ನಿಮ್ಮ ಕೇಕ್ ನಡುವೆ ಕುಸಿಯುವ ಕಾರಣವೂ ಅದರಲ್ಲೇ ಗೊತ್ತಾಗಬಹುದು.

ಉಳಿದ ಅನ್ನದ ವಿಷಯ

ಇದನ್ನು ಮಾತ್ರ ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಓವನ್ ಆರಿದ ಮೇಲೂ ಒಳಗೆ ಗಂಟೆಗಟ್ಟಲೆ ಬೆಚ್ಚಗಿರುತ್ತದೆ ಅಂತ ಅನ್ನವನ್ನು ಅಲ್ಲೇ ಬಿಡುವವರಿದ್ದಾರೆ. ಅದೇ ಅಪಾಯ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜದಂಥ ಕಣಗಳು ಇರಬಹುದು. ಅವು ಅನ್ನ ಬೆಂದರೂ ಸಾಯುವುದಿಲ್ಲ. ಬೆಚ್ಚಗಿನ ಒದ್ದೆ ಅನ್ನದಲ್ಲಿ ಅವು ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಕರಾವಳಿಯ ಸೆಕೆಯಲ್ಲಿ ಇದಕ್ಕೆಲ್ಲ ಅನುಕೂಲ ಇನ್ನೂ ಜಾಸ್ತಿ.

ಊಟ ಒಂದು ಹತ್ತಿಪ್ಪತ್ತು ನಿಮಿಷ ತಡ ಆಗುವುದಾದರೆ ಓವನ್ನನ್ನು 90 ಡಿಗ್ರಿಗೆ ಇಟ್ಟು, ಅನ್ನ ಮುಚ್ಚಿಯೇ ಒಳಗಿಡಿ. ಅರ್ಧ ಗಂಟೆ ಮೀರದಿರಲಿ, ಒಣಗುತ್ತದೆ. ಉಳಿದದ್ದನ್ನು ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ ಬೇಗ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಹಾಕಿ. ಮರುದಿನವೇ ಮುಗಿಸಿ. ಬಿಸಿ ಮಾಡುವಾಗ ಎರಡು ಚಮಚ ನೀರು ಚಿಮುಕಿಸಿ, ಪೂರ್ತಿ ಹಬೆ ಬರುವವರೆಗೂ ಕಾಯಿಸಿ, ಒಂದೇ ಸಲ. ಎರಡನೇ ಸಲ ಬಿಸಿ ಮಾಡಿ ಮಕ್ಕಳಿಗೆ, ವಯಸ್ಸಾದವರಿಗೆ ಬಡಿಸಬೇಡಿ.